ಸೊನ್ನೆ ಯಾವ ಕಡೆ?

ಪಟ್ಟಿಯಲ್ಲಿ ಪ್ರಿಂಟ್ ತಪ್ಪಾಗಿದೆ ಅಂತ ತೀರ್ಮಾನ ಮಾಡಿದ್ದು ನಾನೇ. ಯಾರೂ ಹೇಳಿರಲಿಲ್ಲ. ಶಾಕ್ಸ್ (ಗಾಡಿಯ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಜೊತೆ ಬಂದ ಸೆಟ್ಟಿಂಗ್ ಕಾಗದದ ಮೇಲೆ ಪೆನ್ನಿನಲ್ಲಿ ಗೀಟು ಹಾಕಿ, ಎರಡು ಅಂಕಿ ಅದಲುಬದಲು ಬರೆದೆ. ಆ ಕಾಗದ ಈಗ ನನ್ನ ಟೂಲ್ ಟ್ರಾಲಿಯ ಮುಚ್ಚಳದ ಒಳಗೆ ಅಂಟಿಕೊಂಡಿದೆ. ಅಂಟಿಸಿದವನು ನಮ್ಮ ಹೆಲ್ಪರ್ ಹುಡುಗ. ಕಿತ್ತು ಹಾಕೋಣ ಅಂತ ಎರಡು ಸಲ ಕೈ ಹಾಕಿದ್ದೆ. ಆಮೇಲೆ ಹಾಳಾಗಲಿ, ಇರಲಿ ಅಂತ ಬಿಟ್ಟೆ.

ಗಾಡಿ ಒಂದು ಡಬಲ್ ಕ್ಯಾಬ್ ಪಿಕಪ್. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಬಾಗಿದ ಉಕ್ಕಿನ ಪಟ್ಟೆ. ಓನರ್ ವಾರದಲ್ಲಿ ಮೂರ್ನಾಲ್ಕು ದಿನ ಹಿಂದೆ ಜನರೇಟರ್, ಪೈಪು, ವೆಲ್ಡಿಂಗ್ ಸೆಟ್ಟು ಹೇರಿಕೊಂಡು ಓಡಾಡುವವರು. ಉಳಿದ ದಿನ ಗಾಡಿ ಖಾಲಿ. ಹಂಪ್ ದಾಟಿದ ಮೇಲೆ ಹಿಂಭಾಗ ಮೂರು ಸಲ ಕುಣಿಯುತ್ತದೆ ಅನ್ನೋದು ಅವರ ಕಂಪ್ಲೇಂಟು. ಅದಕ್ಕೆ ಮದ್ದು ಅಂತ ನಾಲ್ಕು ಅಡ್ಜಸ್ಟಬಲ್ ಶಾಕ್ಸ್ ಅವರೇ ತರಿಸಿಕೊಂಡು ಬಂದಿದ್ದರು. ಮೊನೊಟ್ಯೂಬ್ ಅಂದರೆ ಒಂದೇ ಕೊಳವೆಯದು, ಗ್ಯಾಸ್ ಚಾರ್ಜ್, ಕೆಳಗಡೆ ಒಂದು ನಾಬ್, 12 ಕ್ಲಿಕ್. ನಾಬ್ ರಿಬೌಂಡ್‌ಗೆ ಮಾತ್ರ, ಅಂದರೆ ಒತ್ತಿದ ಶಾಕ್ ವಾಪಸ್ ಬಿಚ್ಚಿಕೊಳ್ಳುವ ವೇಗಕ್ಕೆ; ಬಿಗಿ ಮಾಡಿದಷ್ಟೂ ನಿಧಾನ.

ಕಸ್ಟಮರ್ ಪಾರ್ಟ್ಸ್ ತಂದರೆ ನಮ್ಮ ಸೂಪರ್‌ವೈಸರ್ ಮುಖ ನೋಡೋಕಾಗಲ್ಲ. ಪಾರ್ಟ್ಸ್ ಮೇಲೆ ಏನೂ ಸಿಗಲ್ಲ, ಹಾಗಾಗಿ ಟೈಮಲ್ಲಾದರೂ ಕತ್ತರಿಸೋಣ ಅನ್ನೋ ಲೆಕ್ಕ. ಜಾಬ್ ಕಾರ್ಡಲ್ಲಿ 3 ಗಂಟೆ ಬರೆದರು. ಅದು ಮಾಮೂಲಿ ಶಾಕ್ಸ್ ಬದಲಾಯಿಸುವ ಟೈಮು. ನಾಬ್ ಸೆಟ್ ಮಾಡಿ, ಓಡಿಸಿ, ಮತ್ತೆ ಸೆಟ್ ಮಾಡೋದಕ್ಕೆ ಆ ಕಾರ್ಡಲ್ಲಿ ಜಾಗವೇ ಇಲ್ಲ. ಇವತ್ತಿಗೂ ಇಲ್ಲ.

ಬಿಚ್ಚುವ ಕೆಲಸ ಚೆನ್ನಾಗೇ ನಡೆಯಿತು. ಹಿಂದಿನ ಎಡಗಡೆ ಶಾಕ್ ಆಯಿಲ್ ಬಿಟ್ಟು ಮೈಯೆಲ್ಲಾ ಮಣ್ಣು ಮೆತ್ತಿಕೊಂಡಿತ್ತು. ಕೈಯಲ್ಲಿ ಒತ್ತಿದರೆ ಅರ್ಧ ದಾರಿ ಏನೂ ತಡೆಯಿಲ್ಲದೆ ಒಳಗೆ ಹೋಗುತ್ತಿತ್ತು. ಅದು ಸತ್ತು ಎಷ್ಟು ಕಾಲವಾಗಿತ್ತೋ. ಮುಂದಿನ ಸ್ಪ್ರಿಂಗ್‌ಗೆ ಅದನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಹಾಕಿ ನಿಧಾನಕ್ಕೆ ಇಳಿಸಿದೆ. ಬೋಲ್ಟ್ ತಿರುಗಿಸುವ ಏರ್ ಗನ್ ಆ ಕಡೆ ತರಲೇ ಇಲ್ಲ. ಒತ್ತಿ ಹಿಡಿದ ಸ್ಪ್ರಿಂಗ್ ಮುಂದೆ ಅವಸರ ಮಾಡಿದವರ ಕೈ ನಾನು ನೋಡಿದ್ದೇನೆ.

ಹೊಸ ಶಾಕನ್ನು ಒತ್ತಿ ಕಟ್ಟಿದ್ದ ಪ್ಲಾಸ್ಟಿಕ್ ದಾರ ಕತ್ತರಿಸಿದ ತಕ್ಷಣ ರಾಡ್ ತಾನೇ ಮೇಲೆ ಬಂತು. ಹುಡುಗ ಬೆಚ್ಚಿ ಹಿಂದೆ ಸರಿದ. ಒಳಗೆ ಗ್ಯಾಸ್ ಇರುತ್ತೆ ಕಣೋ ಅಂತ ನಕ್ಕೆ. ಆವತ್ತು ನಾನು ಪಾಠ ಮಾಡುವ ಮೂಡಲ್ಲಿದ್ದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಲಿಫ್ಟ್ ಮೇಲೆ ಫೈನಲ್ ಟೈಟ್ ಮಾಡಬಾರದು, ಗಾಡಿ ಚಕ್ರದ ಮೇಲೆ ನಿಂತ ಮೇಲೇ ಟಾರ್ಕ್ ಕೊಡಬೇಕು ಅಂತ ಹೇಳಿಕೊಟ್ಟೆ. ಯಾಕಣ್ಣ ಅಂದ. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಅದೇ ಭಂಗಿಯಲ್ಲಿ ಕಚ್ಚಿಕೊಳ್ಳುತ್ತೆ. ಗಾಡಿ ಇಳಿಸಿದಾಗ ತಿರುಚಿಕೊಂಡೇ ನಿಲ್ಲುತ್ತೆ, ಬೇಗ ಹರಿಯುತ್ತೆ. ಇಷ್ಟೆಲ್ಲಾ ಹೇಳಿದೆ. ಇದು ಸರಿಯೇ. ಆವತ್ತು ನಾನು ಹೇಳಿದ್ದರಲ್ಲಿ ಸರಿಯಿದ್ದದ್ದು ಹೆಚ್ಚುಕಮ್ಮಿ ಇದೊಂದೇ.

ಆಮೇಲೆ ಕಾಗದ ತೆಗೆದೆ. ಒಂದು ಕಡೆ, ನಾಬ್ ಎಷ್ಟು ಕ್ಲಿಕ್ ಇಡಬೇಕು ಅನ್ನುವ ಪಟ್ಟಿ. ಮುಂದೆ: ಖಾಲಿ 6, ಫುಲ್ ಲೋಡ್ 6. ಹಿಂದೆ: ಖಾಲಿ 9, ಫುಲ್ ಲೋಡ್ 6.

ನಾನು ನಾಬನ್ನು ಪೂರ್ತಿ ಲೂಸ್ ಮಾಡಿ, ಅಲ್ಲಿಂದ ಬಿಗಿ ಕಡೆಗೆ ಎಣಿಸುವವನು. ಜಾಸ್ತಿ ಅಂಕಿ ಅಂದರೆ ಜಾಸ್ತಿ ಬಿಗಿ. ರೇಡಿಯೋ ವಾಲ್ಯೂಮ್ ಇದ್ದ ಹಾಗೆ ಅಲ್ವಾ? ಹಾಗಿರುವಾಗ ಖಾಲಿ ಗಾಡಿಗೆ 9, ಲೋಡ್ ಗಾಡಿಗೆ 6 ಹೇಗಾಗುತ್ತೆ? ಲೋಡ್ ಇದ್ದರೆ ಬಿಗಿ ಜಾಸ್ತಿ ಬೇಕು. ಇದು ಮಗುವಿಗೂ ಗೊತ್ತು. ಪ್ರಿಂಟ್ ಮಾಡಿದವನು ಕಾಲಂ ಅದಲುಬದಲು ಮಾಡಿದ್ದಾನೆ ಅಂದುಕೊಂಡೆ. ಗೀಟು ಹಾಕಿ ತಿದ್ದಿದೆ. ತಿದ್ದುವಾಗ ಹುಡುಗನಿಗೆ ತೋರಿಸಿಯೂ ತೋರಿಸಿದೆ. ನೋಡು, ಕಂಪನಿಯವರು ಬರೆದಿದ್ದಾರೆ ಅಂತ ಕಣ್ಣು ಮುಚ್ಚಿ ಮಾಡಬಾರದು, ತಲೆ ಓಡಿಸಬೇಕು ಅಂದೆ.

ಈ ಮಾತು ನೆನಪಾದಾಗೆಲ್ಲಾ ಈಗಲೂ ಕಿವಿ ಬಿಸಿಯಾಗುತ್ತೆ.

ಓನರ್ ಜಾಸ್ತಿ ದಿನ ಲೋಡಲ್ಲೇ ಓಡಿಸುತ್ತಾರೆ ಅಂತ ಹಿಂದೆ 9 ಇಟ್ಟೆ. ಮುಂದೆ 6. ಗಾಡಿಯ ಹಿಂದಿನ ಮೂಲೆಯನ್ನು ಒತ್ತಿ ಬಿಟ್ಟೆ. ಕೆಳಗೆ ಹೋಯಿತು, ಮೆಲ್ಲಗೆ, ಬಹಳ ಮೆಲ್ಲಗೆ ಮೇಲೆ ಬಂತು. ಆಹಾ, ಏನು ಕಂಟ್ರೋಲು ಅಂತ ಖುಷಿಪಟ್ಟೆ. ಅಷ್ಟು ಮೆಲ್ಲಗೆ ಬರಬಾರದು ಅಂತ ತಲೆಗೆ ಹೊಳೆಯಲೇ ಇಲ್ಲ. ಟ್ರಯಲ್ ಅಂದರೆ ನಮ್ಮಲ್ಲಿ ಗೇಟ್ ಮುಂದಿನ ನುಣುಪು ಟಾರು ರಸ್ತೆ, ಹೋಗಿ ಬರೋಕೆ 10 ನಿಮಿಷ. ಆ ರಸ್ತೆಯಲ್ಲಿ ಶಾಕ್ಸ್ ಇಲ್ಲದಿದ್ದರೂ ಗಾಡಿ ಚೆನ್ನಾಗೇ ಓಡುತ್ತೆ. ಅಲೈನ್‌ಮೆಂಟ್ ನೋಡಿ, ಬ್ರೇಕ್ ಹೋಸು, ಎಬಿಎಸ್ ವೈರು ಎಲ್ಲೂ ಎಳೆಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಡೆಲಿವರಿ ಕೊಟ್ಟೆ.

ನಾಲ್ಕನೇ ದಿನ ಓನರ್ ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಹಳೇದೇ ವಾಸಿ ಇತ್ತು ಅನ್ಸುತ್ತೆ" ಅಂದರು. ಕೆಟ್ಟ ರಸ್ತೆಯಲ್ಲಿ ಹಿಂಭಾಗ ಒದೆಯುತ್ತೆ, ಹೋಗ್ತಾ ಹೋಗ್ತಾ ಕುಸಿದ ಹಾಗಾಗುತ್ತೆ, ಧಡ್ ಧಡ್ ಅಂತ ಬಡಿಯುತ್ತೆ, ಅದೂ ಖಾಲಿ ಇದ್ದಾಗ ಜಾಸ್ತಿ ಅಂದರು.

ನಾನು ಮೊದಲು ಹೇಳಿದ್ದು, "ಹೊಸ ಶಾಕ್ಸ್ ಸರ್, ಸ್ವಲ್ಪ ದಿನ ಓಡಿದರೆ ಸೆಟ್ ಆಗುತ್ತೆ." ಎಲ್ಲರೂ ಹೇಳೋದು ಇದನ್ನೇ, ನಾನೂ ಹೇಳಿದೆ. ಎರಡನೇ ಸಲ ಹೇಳಿದ್ದು, "ಮುಂದಿಂದು ಸರಿಯಿದೆ, ಹಿಂದಿಂದು ಮಾತ್ರ ತೊಂದರೆ ಅಂದರೆ ಲೀಫ್ ಸುಸ್ತಾಗಿರಬೇಕು." ಕುಸಿಯುತ್ತೆ ಅಂತಾರೆ, ಬಡಿಯುತ್ತೆ ಅಂತಾರೆ. ಭಾರ ಹೊರುವುದು ಸ್ಪ್ರಿಂಗು, ಶಾಕ್ ಅಲ್ಲವಲ್ಲ. ತರ್ಕ ಏನೋ ಚೆನ್ನಾಗಿತ್ತು. ಸೂಪರ್‌ವೈಸರ್ ಕಿವಿಗೆ ಲೀಫ್ ಅನ್ನೋ ಪದ ಬಿದ್ದದ್ದೇ ತಡ, ಎಸ್ಟಿಮೇಟ್ ಹಾಳೆ ಹೊರಗೆ ಬಂತು. ಅಷ್ಟು ಚುರುಕಾಗಿ ಟಾರ್ಕ್ ರೆಂಚ್ ಅವರ ಕಪಾಟಿಂದ ಯಾವತ್ತೂ ಹೊರಗೆ ಬಂದಿಲ್ಲ.

ಓನರ್ ಮಾತ್ರ, "ಮೊದಲು ನನ್ನ ಜೊತೆ ಒಂದು ರೌಂಡ್ ಬನ್ನಿ" ಅಂದರು.

ಹೋದೆವು. ಸ್ಟೇರಿಂಗಲ್ಲಿ ನಾನು, ಪಕ್ಕ ಅವರು, ಹಿಂದಿನ ಸೀಟಲ್ಲಿ ಹುಡುಗ. ಟಾರು ಮುಗಿದು ಜಲ್ಲಿ ರಸ್ತೆ ಶುರುವಾಯಿತು. ತಗಡಿನ ಶೀಟಿನ ಹಾಗೆ ಸಾಲು ಸಾಲು ಅಲೆ ಎದ್ದಿದ್ದ ರಸ್ತೆ. ಸ್ಪೀಡ್ 40 ಇತ್ತು, ಅಷ್ಟೇ. ಮೊದಲ ಹತ್ತು ಹದಿನೈದು ಅಲೆ ಏನೂ ಅನ್ನಿಸಲಿಲ್ಲ. ಆಮೇಲೆ ಸೀಟಿನ ಕೆಳಗೆ ಗಾಡಿ ಗಟ್ಟಿಯಾಗುತ್ತಾ ಬಂತು. ಯಾರೋ ಒಬ್ಬೊಬ್ಬರೇ ಹಿಂದೆ ಹತ್ತಿ ಕೂತ ಹಾಗೆ. ಧಡ್. ಮತ್ತೆ ಧಡ್. ಅಷ್ಟರಲ್ಲಿ ಎಡಕ್ಕೊಂದು ತಿರುವು.

ತಿರುವಲ್ಲಿ ಹಿಂಭಾಗ ಹೊರಗೆ ನಡೆಯಿತು. ಜಾರಲಿಲ್ಲ, ನಡೆಯಿತು. ತಕ ತಕ ತಕ ಅಂತ ಒಂದೊಂದೇ ಹೆಜ್ಜೆ ಬಲಕ್ಕೆ. ನಾನು ಸ್ಟೇರಿಂಗ್ ಬಲಕ್ಕೆ ಕೊಟ್ಟೆ. ಅದು ಒಂದು ಕ್ಷಣ ಕೇಳಲೇ ಇಲ್ಲ. ಬ್ರೇಕ್ ಮೇಲೆ ಕಾಲು ಹೋಯಿತು, ಒತ್ತಬೇಡ ಅಂತ ತಲೆ ಹೇಳಿತು. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟೆ. ಪಕ್ಕದಲ್ಲಿ ಓನರ್ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಒಂದು ಮಾತಿಲ್ಲ. ರಸ್ತೆಯ ಅಂಚಿನ ಕಲ್ಲು ಕಿಟಕಿಯ ಕೆಳಗೇ ಹಾದು ಹೋಯಿತು. ಆಮೇಲೆ ಗಾಡಿ ನೆಟ್ಟಗಾಯಿತು. ನಿಲ್ಲಿಸಿದೆ. ಇದೆಲ್ಲಾ ಮೂರು ಸೆಕೆಂಡು ಇರಬಹುದು. ಇಂಜಿನ್ ಆಫ್ ಮಾಡಿದ ಮೇಲೂ ಯಾರೂ ಇಳಿಯಲಿಲ್ಲ.

ಇಷ್ಟಾದ ಮೇಲೆ ನಾನು ಏನು ಮಾಡಿದೆ ಗೊತ್ತಾ? ಕೆಳಗೆ ಮಲಗಿ, ಹಿಂದಿನ ಎರಡೂ ನಾಬನ್ನು ಇನ್ನೂ ಎರಡೆರಡು ಕ್ಲಿಕ್ ಬಿಗಿ ಮಾಡಿದೆ. ಹಿಂಭಾಗ ಕಂಟ್ರೋಲ್ ತಪ್ಪುತ್ತಿದೆ ಅಂದರೆ ಕಂಟ್ರೋಲ್ ಇನ್ನೂ ಸಾಲದು, ಹಾಗಂದುಕೊಂಡೆ. ಬಿಗಿ ಅಂದರೆ ಒಳ್ಳೇದು ಅನ್ನೋ ನಂಬಿಕೆ ಅಷ್ಟು ಗಟ್ಟಿ. ಅದೇ ಅಲೆಗಳ ಮೇಲೆ 20ರಲ್ಲಿ ಓಡಿಸಿದೆ. ಹೊಟ್ಟೆಯೊಳಗಿಂದ ಬಡಿದ ಹಾಗೆ ಬಡಿಯಿತು. ಓನರ್ ಆವಾಗ ಬಾಯಿ ಬಿಟ್ಟರು. "ನಾನು ನಡಕೊಂಡು ಬರ್ತೀನಿ" ಅಂದರು. ತಮಾಷೆಗೆ ಅಂದರೋ ನಿಜಕ್ಕೂ ಅಂದರೋ, ಕೇಳುವ ಧೈರ್ಯ ಆಗಲಿಲ್ಲ.

ಮತ್ತೆ ಇಳಿದು ನೋಡಿದೆ. ಆಕ್ಸಲ್ ತೀರಾ ಮೇಲೆ ಬಂದರೆ ತಡೆಯುವ ಬಂಪ್ ರಬ್ಬರ್ ಮೇಲೆ ಹೊಸ ಗುರುತು, ಹೊಳೆಯುತ್ತಿತ್ತು. ಆಕ್ಸಲ್ ಅಲ್ಲಿವರೆಗೆ ಬಂದು ಗುದ್ದಿದೆ. ಖಾಲಿ ಗಾಡಿ! ಹಿಂದೆ ಒಂದು ಜಾಕ್ ಬಿಟ್ಟರೆ ಏನೂ ಇಲ್ಲ. ಲೀಫ್ ಎಷ್ಟೇ ಸುಸ್ತಾಗಿರಲಿ, ಖಾಲಿ ಗಾಡಿಯಲ್ಲಿ 20ರ ಸ್ಪೀಡಲ್ಲಿ ಅಲ್ಲಿವರೆಗೆ ಬರಬಾರದು. ನಿಂತಲ್ಲಿ ನೋಡಿದರೆ ಲೀಫ್ ಬಾಗು ಸರಿಯಾಗೇ ಇದೆ, ಎರಡೂ ಕಡೆ ಒಂದೇ ಎತ್ತರ. ಹಾಗಾದರೆ ಓಡುವಾಗ ಯಾರು ಕೆಳಗೆ ಎಳೆಯುತ್ತಿದ್ದಾರೆ?

ಅಷ್ಟರಲ್ಲಿ ಹುಡುಗ ಡ್ಯಾಶ್‌ಬೋರ್ಡಿಂದ ಕಾಗದ ತೆಗೆದು ತಿರುಗಿಸಿ ನೋಡುತ್ತಿದ್ದ.

"ಅಣ್ಣಾ, ಹಿಂದುಗಡೆ ಒಂದು ಚಿತ್ರ ಇದೆ."

"ಏನು ಚಿತ್ರ?"

"ನಾಬನ್ನು ಪೂರ್ತಿ ಬಿಗಿ ಕಡೆ ತಿರುಗಿಸಿ ಸೊನ್ನೆ ಅಂತ ಬರೆದಿದ್ದಾರೆ. ಅಲ್ಲಿಂದ ಬಿಚ್ಚುತ್ತಾ ಎಣಿಸಬೇಕಂತೆ."

ನಾನು ಗಾಡಿ ಕೆಳಗೇ ಮಲಗಿದ್ದೆ. ಸ್ವಲ್ಪ ಹೊತ್ತು ಹಾಗೇ ಇದ್ದೆ. ಎದ್ದು ಓನರ್ ಮುಖ ನೋಡಬೇಕಲ್ಲ.

ಸೊನ್ನೆ ಬಿಗಿ ಕಡೆ. ಹಾಗಾದರೆ 9 ಅಂದರೆ ಸಡಿಲ, 6 ಅಂದರೆ ಅದಕ್ಕಿಂತ ಬಿಗಿ. ಖಾಲಿಗೆ 9, ಲೋಡ್‌ಗೆ 6. ಪಟ್ಟಿ ಸರಿಯಾಗೇ ಇತ್ತು. ನಾನು ಲೂಸ್ ಕಡೆಯಿಂದ 9 ಎಣಿಸಿದ್ದೆ, ಅಂದರೆ ಬಿಗಿ ಕಡೆಯಿಂದ ಬರೀ 3. ರಸ್ತೆಯಲ್ಲಿ ಇನ್ನೆರಡು ಬಿಗಿದು 1ಕ್ಕೆ ತಂದಿದ್ದೆ. ಚಕ್ರ ಒಂದು ಅಲೆ ಹತ್ತುತ್ತೆ, ಸ್ಪ್ರಿಂಗ್ ಅದನ್ನು ಕೆಳಗೆ ತಳ್ಳಬೇಕು, ಶಾಕ್ ಬಿಡಲ್ಲ. ಇಳಿಯುವ ಮೊದಲೇ ಮುಂದಿನ ಅಲೆ. ಒಂದೊಂದು ಅಲೆಗೂ ಸ್ವಲ್ಪ ಸ್ವಲ್ಪ ಮೇಲೆ ಸಿಕ್ಕಿಕೊಂಡು, ಕೊನೆಗೆ ಆಕ್ಸಲ್ ಬಂಪ್ ರಬ್ಬರಿಗೇ ಬಂದು ಕೂರುತ್ತೆ. ಅಲ್ಲಿಗೆ ಟೈರಿಗೆ ನೆಲ ಹಿಡಿಯೋಕೆ ಜಾಗ ಇಲ್ಲ, ತಿರುವಲ್ಲಿ ನಡೆಯದೆ ಇನ್ನೇನು ಮಾಡುತ್ತೆ. ಓನರ್ ಹೇಳಿದ ಒದೆತ, ಕುಸಿತ, ಬಡಿತ ಮೂರೂ ಇದೇ. ಖಾಲಿ ಇದ್ದಾಗ ಜಾಸ್ತಿ ಅಂದಾಗಲೇ ನನಗೆ ಗೊತ್ತಾಗಬೇಕಿತ್ತು. ಲೀಫ್ ಸತ್ತಿದ್ದರೆ ಲೋಡ್ ಇದ್ದಾಗ ತಾನೇ ಜಾಸ್ತಿ ಬಡಿಯಬೇಕು?

ಮುಂದಿನದು ಸರಿಯಿದ್ದದ್ದು ನನ್ನ ಜಾಣತನದಿಂದಲ್ಲ. 12 ಕ್ಲಿಕ್‌ನಲ್ಲಿ 6 ಅಂದರೆ ನಟ್ಟನಡುವೆ, ಯಾವ ಕಡೆಯಿಂದ ಎಣಿಸಿದರೂ ಅದೇ ಜಾಗ. ಇನ್ನೂ ಉರಿಯುವ ವಿಷಯ ಅಂದರೆ, ಹಿಂದೆ ಲೋಡ್‌ಗೆ ಪಟ್ಟಿ ಹೇಳಿದ್ದೂ 6. ತಲೆ ಓಡಿಸದೆ, ತಿದ್ದದೆ, ದಡ್ಡನ ಹಾಗೆ 6 ಇಟ್ಟಿದ್ದರೆ ತಪ್ಪು ಕಡೆಯಿಂದ ಎಣಿಸಿದರೂ ಸರಿಯಾದ ಜಾಗಕ್ಕೇ ಬರುತ್ತಿತ್ತು.

ನಾಬನ್ನು ಬಿಗಿ ಕಡೆ ಕೊನೆವರೆಗೆ ಬೆರಳಲ್ಲೇ ತಿರುಗಿಸಿದೆ. ಅಲ್ಲಿಂದ ಹುಡುಗ ಗಟ್ಟಿಯಾಗಿ ಎಣಿಸಿದ, ನಾನು ಬಿಚ್ಚಿದೆ. ಎರಡೂ ಕಡೆ 9. ಅದೇ ಜಲ್ಲಿ, ಅದೇ ತಿರುವು, 40. ಗಾಡಿ ಗಡಗಡ ಅಂದಿತೇ ಹೊರತು ದಾರಿ ಬಿಡಲಿಲ್ಲ. ಬಡಿತವೂ ಇಲ್ಲ. ಓನರ್ ಹಿಡಿಕೆಯಿಂದ ಒಂದು ಕೈ ತೆಗೆದರು. ಇನ್ನೊಂದನ್ನು ಗ್ಯಾರೇಜ್ ಗೇಟ್ ಬರುವ ತನಕ ತೆಗೆಯಲಿಲ್ಲ.

ಸೂಪರ್‌ವೈಸರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಲೀಫ್ ಎಸ್ಟಿಮೇಟ್ ಹಾಳೆ ಮಡಚಿ ಡ್ರಾಯರ್‌ಗೆ ಹಾಕಿದರು, ಹರಿಯಲಿಲ್ಲ. ಯಾವತ್ತಾದರೂ ಬೇಕಾಗುತ್ತೆ ಅಂತಲೋ ಏನೋ. ರೀವರ್ಕ್ ಟೈಮ್ ನನ್ನ ಲೆಕ್ಕಕ್ಕೆ ಹಾಕಿದರು. ನ್ಯಾಯವೇ, ಆದರೂ ಟ್ರಯಲ್‌ಗೆ 10 ನಿಮಿಷ ಅಂತ ರೂಲ್ ಮಾಡಿದವರ ಲೆಕ್ಕಕ್ಕೂ ಒಂದರ್ಧ ಹಾಕಬೇಕಿತ್ತು. ಟ್ರಯಲ್ ಈಗ 15 ನಿಮಿಷ ಆಗಿದೆ. ಜಲ್ಲಿ ರಸ್ತೆಗೆ ಹೋಗಿ ಬರೋಕೆ ಅದೂ ಸಾಲದು.

ನಾನು ಈಗ ನಾಬ್ ಇರುವ ಯಾವ ಶಾಕ್ ಬಂದರೂ ಮೊದಲು ಕಾಗದದ ಎರಡೂ ಕಡೆ ನೋಡುತ್ತೇನೆ. ಎಷ್ಟು ಕ್ಲಿಕ್, ಯಾವ ಕಡೆಯಿಂದ ಅಂತ ಟೇಪ್ ಮೇಲೆ ಬರೆದು ಡ್ರೈವರ್ ಡೋರ್ ಒಳಗೆ ಅಂಟಿಸುತ್ತೇನೆ. ಬರೀ 9 ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ. ಶಾಕ್ ರಾಡ್‌ಗೆ ಒಂದು ರಬ್ಬರ್ ರಿಂಗ್ ಸಿಗಿಸಿ ಟ್ರಯಲ್‌ಗೆ ಹೋಗುತ್ತೇನೆ. ವಾಪಸ್ ಬಂದಾಗ ರಿಂಗ್ ಎಲ್ಲಿಗೆ ಸರಿದಿದೆ ಅಂತ ನೋಡಿದರೆ ಸಾಕು, ಶಾಕ್ ಎಷ್ಟು ಒಳಗೆ ಹೋಗಿತ್ತು ಅಂತ ಗೊತ್ತಾಗುತ್ತೆ, ನನ್ನ ತರ್ಕ ಕೇಳಬೇಕಾಗಿಲ್ಲ. ಬದಲಾಯಿಸಿದರೆ ಒಂದೊಂದೇ ಕ್ಲಿಕ್, ಒಂದೊಂದೇ ರೌಂಡ್.

ತಿಂಗಳಾದ ಮೇಲೆ ಆ ಓನರ್ ಫುಲ್ ಲೋಡ್ ಹಾಕಿಕೊಂಡು ಗೇಟ್ ಮುಂದೆ ನಿಲ್ಲಿಸಿದರು. ಮತ್ತೇನು ಬಂತಪ್ಪಾ ಅಂತ ಓಡಿದೆ. ಅವರೇ ಕೆಳಗೆ ಬಗ್ಗಿ ನಾಬ್ ತಿರುಗಿಸುತ್ತಿದ್ದರು.

"6 ತಾನೇ?" ಅಂದರು.

"ಹೌದು ಸರ್, 6."

ಒಳಗಿಂದ ಹುಡುಗ ಕೂಗಿದ, "ಯಾವ ಕಡೆಯಿಂದಣ್ಣಾ?"