ಸರಸ್ವತಿಪುರಂ ಫೈರ್ ಸ್ಟೇಷನ್ ದಾಟುವಾಗ

ಇವತ್ತು ಏಪ್ರಿಲ್ 14, ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಬಾಂಬೆ ಡಾಕ್‌ನಲ್ಲಿ ಹಡಗು ಸಿಡಿದು, ಬೆಂಕಿ ಆರಿಸೋಕೆ ಹೋದ 66 ಸಿಬ್ಬಂದಿ ಜೀವ ಕಳ್ಕೊಂಡ ದಿನ.

ಬೆಳಿಗ್ಗೆ ನಮ್ಮ ಮೈಸೂರಿನ ಸರಸ್ವತಿಪುರಂ ಸ್ಟೇಷನ್ ಮುಂದೆ ಹೋಗ್ತಿದ್ದಾಗ ಒಬ್ರು ಒದ್ದೆ ಪೈಪನ್ನ ನೆಲದ ಮೇಲೆ ಉದ್ದಕ್ಕೆ ಹಾಸಿ, ಮೊಣಕಾಲೂರಿ, ಒಳಗಿನ ನೀರನ್ನ ತಳ್ಕೊಂಡು ತಳ್ಕೊಂಡು ಬಿಗಿಯಾಗಿ ಸುತ್ತುತಾ ಇದ್ರು. ಸುಮ್ನೆ ನೋಡ್ತಾ ನಿಂತ್ಕೊಂಡೆ.

ನಮ್ಮೂರು ಬೆಂಕಿ ಕಂಡ ಊರು ಕಣ್ರೀ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿ ಅವರ ಮದುವೆ ಟೈಮಲ್ಲೇ ಮರದ ಹಳೇ ಅರಮನೆ ಸುಟ್ಟೋಯ್ತು, ಆಮೇಲೆ 1912ಕ್ಕೆ ಮುಗಿದ ಈಗಿನ ಅರಮನೇಲಿ ಕಲ್ಲು, ಇಟ್ಟಿಗೆ, ಕಲ್ಯಾಣಮಂಟಪಕ್ಕೆ ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣದ ಕಂಬ, ಎಲ್ಲರೂ ಫೋಟೋ ತೆಗೀತಾರೆ ಆದ್ರೆ ಆ ಬೆಂಕಿ ಕಥೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇನ್ನು 1989ರ ಫೆಬ್ರವರಿ 8, ಪ್ರೀಮಿಯರ್ ಸ್ಟುಡಿಯೋ, ಧಾರಾವಾಹಿ ಸೆಟ್‌ಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಹೋದ್ರು. ನಮ್ಮಮ್ಮನ ಮುಂದೆ ಈಗ್ಲೂ ಆ ಮಾತೆತ್ತಂಗಿಲ್ಲ.

ಮಂಡ್ಯ ಕಡೆ ಬೇಸಿಗೇಲಿ ಕಬ್ಬಿನ ಗದ್ದೆಗೆ ಬೆಂಕಿ ಬಿದ್ರೆ ಗಾಡಿ ನುಗ್ಗೋಕೆ ದಾರೀನೇ ಇರಲ್ಲ, ಒಣಗಿದ ತರಗು ಪಟಪಟ ಅಂತ ಹತ್ಕೊಳ್ತಾ ಹೋಗುತ್ತೆ, ಈ ಫೈರ್ ಸಿಬ್ಬಂದಿ ಆ ಹೊಗೇಲೇ ಪೈಪ್ ಎಳ್ಕೊಂಡು ಬದು ಮೇಲೆ ಓಡ್ತಾರೆ.