ಒಲೆ ಆರಿಸಿದ ಮೇಲೆ ಹಿಂಡಿದ ಲಿಂಬೆ

ಜನವರಿ ಬಂತೆಂದರೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಓಣಿಯಲ್ಲಿ ಮನೆಗಳ ಮುಂದೆ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಳ್ಳುತ್ತವೆ. ಒಳಗೆ ಹಳದಿ ಹಣ್ಣು, ಮೇಲೊಂದು ಚೀಟಿ: ‘ಉಚಿತ, ದಯವಿಟ್ಟು ತೆಗೆದುಕೊಂಡು ಹೋಗಿ.’ ಆ ‘ದಯವಿಟ್ಟು’ವಿನಲ್ಲಿ ನಿಜವಾದ ದೈನ್ಯವಿದೆ. ಹಿತ್ತಿಲಿನ ಒಂದೇ ಗಿಡ ಕೊಂಬೆ ಬಾಗುವಷ್ಟು ಹಣ್ಣು ಬಿಟ್ಟರೆ ಇಬ್ಬರೇ ಇರುವ ಮನೆಯವರು ಮಾಡುವುದಾದರೂ ಏನು? ಇಲ್ಲಿಯವರು ವರ್ಷಕ್ಕಾಗುವಷ್ಟು ಉಪ್ಪಿನಕಾಯಿ ಹಾಕಿಡುವ ಪೈಕಿ ಅಲ್ಲ. ಇಂಡಿ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನಗೆ ಮೊದಲ ವರ್ಷ ಆ ಪೆಟ್ಟಿಗೆಗಳನ್ನು ನೋಡಿ ಹೊಟ್ಟೆಯಲ್ಲಿ ಏನೋ ಆಗಿತ್ತು. ನಮ್ಮ ಕಡೆ ಲಿಂಬೆ ಎಂದರೆ ಚೀಲದ ಲೆಕ್ಕ, ಸಾಲದ ಲೆಕ್ಕ. ಬೇಸಿಗೆಯಲ್ಲಿ ಒಂದೊಂದು ಹಣ್ಣಿಗೂ ಬೆಲೆ. ಮಳೆಗಾಲದಲ್ಲಿ ಸಂತೆಗೆ ಸಾಗಿಸಿದ ಖರ್ಚೂ ಹುಟ್ಟುವುದಿಲ್ಲ. (ನಿಂಬೆ ಎನ್ನುವವರು ನಿಂಬೆ ಎಂದೇ ಓದಿಕೊಳ್ಳಲಿ. ನನ್ನ ಕೈ ಲಿಂಬೆ ಎಂದೇ ಬರೆಯುತ್ತದೆ.)

ಇಲ್ಲಿಯ ಹಿತ್ತಿಲುಗಳಲ್ಲಿ ಹೆಚ್ಚಾಗಿ ಕಾಣುವುದು ಮೇಯರ್ ಲಿಂಬೆ. ಸಣ್ಣ ಕಿತ್ತಳೆಯಷ್ಟು ದಪ್ಪ, ನುಣುಪು ಮೈ, ಪೂರ್ತಿ ಕಳಿತರೆ ಮೊಟ್ಟೆಯೊಳಗಿನ ಹಳದಿಯ ಬಣ್ಣ. ಹೆಸರು ಬಂದದ್ದು ಫ್ರಾಂಕ್ ಮೇಯರ್ ಎಂಬಾತನಿಂದ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿ, ಅಮೆರಿಕದ ಕೃಷಿ ಇಲಾಖೆಗಾಗಿ ಏಷ್ಯಾವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಗಿಡ, ಬೀಜ ಹುಡುಕುತ್ತಿದ್ದ ಮನುಷ್ಯ. ಬೀಜಿಂಗ್ ಬಳಿ ಕುಂಡಗಳಲ್ಲಿ ಅಲಂಕಾರಕ್ಕೆಂದು ಬೆಳೆಸುತ್ತಿದ್ದ ಈ ಗಿಡವನ್ನು 1908ರಲ್ಲಿ ಇಲ್ಲಿಗೆ ತಲುಪಿಸಿದ. ಹತ್ತು ವರ್ಷಗಳ ನಂತರ ಯಾಂಗ್ಟ್ಸೆ ನದಿಯಲ್ಲಿ ಹಡಗಿನಿಂದ ಕಾಣೆಯಾದ. ಹೆಣ ಸಿಕ್ಕಿತು, ಕಾರಣ ಸಿಗಲಿಲ್ಲ. ಅವನು ತಂದ ತಳಿ ಒಂದು ವೈರಸ್ಸನ್ನು ಸದ್ದಿಲ್ಲದೆ ಹೊತ್ತುಕೊಂಡಿತ್ತು. ಹೊತ್ತ ಗಿಡಕ್ಕೆ ಏನೂ ಮಾಡದೆ ಪಕ್ಕದ ಗಿಡಗಳನ್ನು ಕೊಲ್ಲುವಂಥದು. ಹಾಗಾಗಿ ಹಳೆಯ ಮೇಯರ್ ಗಿಡಗಳನ್ನು ಕಡಿದು ಹಾಕಿದರು. 1975ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ವೈರಸ್ ಇಲ್ಲದ ತಳಿಯನ್ನು ಬಿಡುಗಡೆ ಮಾಡಿತು. ಈಗ ನಮ್ಮ ಓಣಿಯಲ್ಲಿರುವುದು ಅದರ ಸಂತಾನ.

ಪಕ್ಕದ ಮನೆಯ ಅಜ್ಜಿ ನಿವೃತ್ತ ಶಿಕ್ಷಕಿ. ಅವರ ಗಿಡದ ಅರ್ಧ ನಮ್ಮ ಬೇಲಿಯ ಮೇಲೆ ಬಾಗಿದೆ. ನಾವು ಬಾಡಿಗೆಗೆ ಬಂದ ಎರಡನೆಯ ವಾರವೇ ಒಂದು ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಮೇಲೆ ಪುಡಿ ಸಕ್ಕರೆಯ ಮಂಜು, ಒಳಗೆ ನಡುಗುವ ಹಳದಿ, ಅಡಿಯಲ್ಲಿ ಬೆಣ್ಣೆಯ ಬಿಸ್ಕತ್ತು. ಲೆಮನ್ ಬಾರ್. ಶಾಲೆಗೆ ದೇಣಿಗೆ ಕೂಡಿಸುವ ತಿಂಡಿ ಮಾರಾಟದಿಂದ ಹಿಡಿದು ಚರ್ಚಿನ ಸಾಮೂಹಿಕ ಊಟದವರೆಗೆ ಈ ದೇಶದಲ್ಲಿ ಇದು ಇಲ್ಲದ ಮೇಜು ಇಲ್ಲ ಎಂದರು. ಹಲ್ಲಿಗೆ ಮೊದಲು ಸಿಹಿ ತಾಕಿತು, ಆಮೇಲೆ ಹುಳಿ ಬಂದು ದವಡೆಯನ್ನು ಹಿಡಿದುಕೊಂಡಿತು. ಊರಿನ ಶರಬತ್ತನ್ನು ಯಾರೋ ಚೌಕವಾಗಿ ಕತ್ತರಿಸಿ ಕೊಟ್ಟಂತಿತ್ತು.

ಆ ಚಳಿಗಾಲ ಪೂರ್ತಿ ನಾನು ಅದನ್ನೇ ಬೇಯಿಸಿದೆ. ಅಡಿಯ ಪದರ ಸುಲಭ, ನಮ್ಮ ಬೇಕರಿಯ ನಾನ್‌ಖಟಾಯಿಗೆ ಹತ್ತಿರದ ನೆಂಟ: ಒಂದು ಬಟ್ಟಲು ಮೈದಾ, ಕಾಲು ಬಟ್ಟಲು ಪುಡಿ ಸಕ್ಕರೆ, ಚಿಟಿಕೆ ಉಪ್ಪು, ಒಂದು ಕಡ್ಡಿ ಬೆಣ್ಣೆ. ಇಲ್ಲಿ ಬೆಣ್ಣೆಯನ್ನು ಕಡ್ಡಿಯ ಲೆಕ್ಕದಲ್ಲಿ ಮಾರುತ್ತಾರೆ, ಕಡ್ಡಿಗೆ 113 ಗ್ರಾಂ. ಕೈಯಲ್ಲಿ ಪುಡಿಪುಡಿಯಾಗಿ ಕಲಸಿ, ಎಂಟು ಇಂಚಿನ ಚೌಕ ತಟ್ಟೆಗೆ ಒತ್ತಿ, 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಪ್ಪತ್ತು ನಿಮಿಷ. ಅಂಚು ಕೆಂಪಗಾಗಬೇಕು. ಬೆಳ್ಳಗಿರುವಾಗಲೇ ತೆಗೆದರೆ ಮೇಲಿನ ರಸ ಕುಡಿದು ಮುದ್ದೆಯಾಗುತ್ತದೆ. ಅದು ಬಿಸಿಯಿರುವಾಗಲೇ ಮೂರು ಮೊಟ್ಟೆ, ಒಂದು ಬಟ್ಟಲು ಸಕ್ಕರೆ, ಎರಡು ಚಮಚ ಮೈದಾ, ಮೂರನೇ ಒಂದು ಬಟ್ಟಲು ಲಿಂಬೆ ರಸ, ತುರಿದ ಸಿಪ್ಪೆ ಎಲ್ಲವನ್ನೂ ಗೊಟಾಯಿಸಿ ಸುರಿದು ಮತ್ತೆ ಇಪ್ಪತ್ತು ನಿಮಿಷ ಒಳಗಿಡುವುದು. ಇಡೀ ತಂತ್ರ ಮೊಟ್ಟೆಯದೇ. ಅದು ಕಾದಂತೆ ಗಟ್ಟಿಯಾಗುತ್ತದೆ, ರಸವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ.

ಕೆಡಿಸಿದ್ದೂ ಸಾಕಷ್ಟು. ಮೊದಲ ಸಲ ಸಿಪ್ಪೆಯನ್ನು ಉತ್ಸಾಹದಿಂದ ಬಿಳಿ ಭಾಗದವರೆಗೂ ತುರಿದೆ, ಬೇವಿನಷ್ಟು ಕಹಿ. ಪರಿಮಳದ ಎಣ್ಣೆ ಇರುವುದು ಹಳದಿ ಪೊರೆಯಲ್ಲಿ ಮಾತ್ರ. ಎರಡನೆಯ ಸಲ ಅಗ್ಗದ ಅಲ್ಯೂಮಿನಿಯಂ ತಟ್ಟೆಯಲ್ಲಿ ಮಾಡಿದೆ, ಹುಳಿಗೆ ಲೋಹ ಬಿಟ್ಟುಕೊಂಡು ನಾಣ್ಯ ನೆಕ್ಕಿದ ರುಚಿ ಬಂತು. ಮೂರನೆಯ ಸಲ ಆರುವ ಮೊದಲೇ ಕತ್ತರಿಸಿ, ಚಮಚದಲ್ಲಿ ತಿಂದೆವು. ಮೇಯರ್ ಹಣ್ಣಿನ ಹುಳಿ ಸೌಮ್ಯ ಎಂದು ತಿಳಿಯಲು ಇನ್ನೊಂದು ತಟ್ಟೆ ಬೇಕಾಯಿತು. ಸಕ್ಕರೆಯನ್ನು ಕಾಲು ಭಾಗ ಇಳಿಸಬೇಕು, ಇಲ್ಲವೇ ಅಂಗಡಿಯಲ್ಲಿ ಸಿಗುವ ಯುರೇಕಾ ಲಿಂಬೆಯನ್ನು ಅರ್ಧ ಬೆರೆಸಬೇಕು. ನಾನು ಬೆರೆಸುತ್ತೇನೆ. ಹುಳಿಯಿಲ್ಲದ ಲಿಂಬೆ ತಿನ್ನಲು ಇಷ್ಟು ದೂರ ಬರಬೇಕಿರಲಿಲ್ಲ.

ಮರು ವರ್ಷ ಅವ್ವ ಬಂದಳು, ಆರು ತಿಂಗಳಿಗೆ. ಹೊರಡುವ ಮೊದಲೇ ಫೋನಿನಲ್ಲಿ ಹೇಳಿದ್ದೆ, ಹಸಿ ಕರಿಬೇವು ತರಬೇಡ ಎಂದು. ಅದೇನು ಗಾಂಜಾವೇ ಎಂದು ಕೇಳಿದಳು. ಲಿಂಬೆಯ ಗಿಡ ಹಾಳು ಮಾಡುವ ಹುಳು ಕರಿಬೇವಿನಲ್ಲೂ ಬದುಕುತ್ತದೆ, ಎರಡೂ ಒಂದೇ ಕುಟುಂಬದ ಗಿಡಗಳು ಎಂದು ವಿವರಿಸಬೇಕಾಯಿತು. ಆ ಸಣ್ಣ ಕೀಟ ಹರಡುವ ಹಳದಿ ರೋಗಕ್ಕೆ ಮದ್ದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಮೊದಲು ಕಂಡದ್ದು 2012ರಲ್ಲಿ, ಲಾಸ್ ಏಂಜಲೀಸ್ ಕಡೆಯ ಒಂದು ಮನೆಯ ಹಿತ್ತಿಲಿನಲ್ಲಿ. ಲಿಂಬೆಯ ಮಾತು ಬಂದದ್ದರಿಂದ ಅವ್ವ ಒಪ್ಪಿದಳು. ಬೇರೆ ಯಾವ ಕಾರಣ ಹೇಳಿದ್ದರೂ ಸೀರೆಯ ಮಡಿಕೆಯಲ್ಲಿ ಎರಡು ಕಡ್ಡಿಯಾದರೂ ಬರುತ್ತಿದ್ದವು.

‘ಬಾರ್’ ಎಂದಾಗ ಅವಳು ಒಂದು ಕ್ಷಣ ನನ್ನನ್ನೂ ಗಂಡನನ್ನೂ ದಿಟ್ಟಿಸಿದಳು. ಅದನ್ನು ಬಿಡಿಸಿ ಹೇಳಿದೆ. ಮೊಟ್ಟೆಯನ್ನು ಮಾತ್ರ ಬಿಡಿಸಿ ಹೇಳಿ ಮುಗಿಸುವಂತಿರಲಿಲ್ಲ. ನಮ್ಮ ಮನೆಯಲ್ಲಿ ಲಿಂಗ ಕಟ್ಟಿದವರು ಮೊಟ್ಟೆ ಮುಟ್ಟುವುದಿಲ್ಲ. ನಾನು ಕೇಕಿನ ಹೆಸರಿನಲ್ಲಿ ಎಂದೋ ಜಾರಿದವಳು. ಅವ್ವ ಏನೂ ಅನ್ನಲಿಲ್ಲ. ಒಲೆಯ ಗಾಜಿನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಬೇಯುವುದನ್ನು ನೋಡಿದಳು, ತುಂಡು ಕೊಟ್ಟಾಗ ತಟ್ಟೆಯನ್ನು ಮೃದುವಾಗಿ ಆಚೆ ಸರಿಸಿದಳು. ಹಾಗೆ ಸರಿಸಿದ್ದು ನನಗೆ ಬಯ್ಗುಳಕ್ಕಿಂತ ಹೆಚ್ಚು ಚುಚ್ಚಿತು.

ಮೊಟ್ಟೆ ಬಿಟ್ಟು ಮಾಡಲು ಹೊರಟೆ. ಮೆಕ್ಕೆಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್, ಸಕ್ಕರೆ, ನೀರು, ಲಿಂಬೆ ರಸ ಎಲ್ಲ ಒಟ್ಟಿಗೆ ಹಾಕಿ ಕುದಿಸಿದೆ. ಕುದಿಯುವಾಗ ದಪ್ಪಗಾಯಿತು, ಇನ್ನೂ ಕುದಿಸಿದೆ, ತೆಳ್ಳಗಾಯಿತು. ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟರೂ ಬೆಳಿಗ್ಗೆ ಚಾಕು ತಾಕಿದ ಕೂಡಲೇ ಹರಿದು ಹೋಯಿತು. ಮರುದಿನ ಹಿಟ್ಟು ಹೆಚ್ಚಿಸಿದೆ. ಬಾಯಿಗೆ ಅಂಟಿನಂತಾಯಿತು, ಆದರೂ ಅಂಚಿನಲ್ಲಿ ನೀರು ಬಿಟ್ಟುಕೊಂಡಿತು. ಮೂರನೆಯ ದಿನ ಅವ್ವ ಹಿಂದೆ ಬಂದು ನಿಂತಳು.

“ಚಿತ್ರಾನ್ನಕ್ಕೆ ಲಿಂಬೆ ಯಾವಾಗ ಹಿಂಡುತ್ತೀ?”

“ಒಲೆ ಆರಿಸಿದ ಮೇಲೆ.”

“ಮತ್ತೆ ಇದಕ್ಕೇಕೆ ಮೊದಲೇ?”

ಅವಳು ಕೊಟ್ಟ ಕಾರಣ ಬೇರೆ: ಬೆಂಕಿಯ ಮೇಲೆ ರಸ ಹಿಂಡಿದರೆ ಕಹಿಯಾಗುತ್ತದೆ, ವಾಸನೆ ಹೋಗುತ್ತದೆ. ನಾನು ಆಮೇಲೆ ಓದಿ ತಿಳಿದ ಕಾರಣ ಬೇರೆ: ಹುಳಿಯೊಂದಿಗೆ ಹೆಚ್ಚು ಹೊತ್ತು ಕುದಿದರೆ ಪಿಷ್ಟದ ಉದ್ದನೆಯ ಎಳೆಗಳು ತುಂಡಾಗಿ, ಹಿಡಿದಿಟ್ಟ ನೀರನ್ನು ಬಿಟ್ಟುಬಿಡುತ್ತವೆ. ಎರಡೂ ಕಾರಣಗಳು ಬಂದು ನಿಲ್ಲುವುದು ಒಂದೇ ಕಡೆ, ಆರಿಸಿದ ಒಲೆಯ ಮುಂದೆ. ಇಪ್ಪತ್ತು ವರ್ಷ ವಾರಕ್ಕೊಮ್ಮೆ ಚಿತ್ರಾನ್ನ ಕಲಸಿದ ಕೈಗೆ ಇದು ಹೊಳೆಯಲಿಲ್ಲವಲ್ಲ ಎಂಬುದು ನನ್ನ ಸಿಟ್ಟು. ತಟ್ಟೆಯ ಹೆಸರು ಇಂಗ್ಲಿಷಿನಲ್ಲಿದ್ದರೆ ಕಲಿತ ಅಡುಗೆಯೆಲ್ಲ ಮರೆತು ಹೋಗುತ್ತದೆಯೇ?

ಈಗ ನಾನು ಮಾಡುವುದು ಹೀಗೆ. ಒಂದು ಬಟ್ಟಲು ನೀರಿಗೆ ಐದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಮುಕ್ಕಾಲು ಬಟ್ಟಲು ಸಕ್ಕರೆ, ಚಿಟಿಕೆಗಿಂತ ಕಡಿಮೆ ಅರಿಸಿನ. ಮೊಟ್ಟೆ ಇಲ್ಲದ ಮೇಲೆ ಹಳದಿ ಎಲ್ಲಿಂದ ಬರಬೇಕು, ಅದೂ ಅವ್ವನ ಸಲಹೆಯೇ. ಗಂಟಾಗದಂತೆ ತಿರುವುತ್ತ ಕುದಿ ಬರಿಸಿ, ಬುಳುಬುಳು ಎಂದ ಮೇಲೆ ಒಂದು ನಿಮಿಷ ಬಿಟ್ಟು ಒಲೆ ಆರಿಸಬೇಕು. ಎರಡು ಚಮಚ ಬೆಣ್ಣೆ, ಸಿಪ್ಪೆಯ ತುರಿ, ಕೊನೆಗೆ ಅರ್ಧ ಬಟ್ಟಲು ರಸ. ಪೂರ್ತಿ ಬೆಂದ ಅಡಿಪದರದ ಮೇಲೆ ಸುರಿದು ನಾಲ್ಕು ಗಂಟೆ ಫ್ರಿಜ್ಜಿನಲ್ಲಿ. ಮತ್ತೆ ಬೇಯಿಸುವ ಗೋಜಿಲ್ಲ. ಚಾಕುವನ್ನು ಪ್ರತಿ ಸಲ ಒರೆಸಿಕೊಂಡು ಕತ್ತರಿಸಬೇಕು. ಸಕ್ಕರೆ ಪುಡಿಯನ್ನು ಬಡಿಸುವಾಗಲೇ ಉದುರಿಸಬೇಕು, ಮೊದಲೇ ಉದುರಿಸಿದರೆ ಕರಗಿ ಬೆವರಿದಂತೆ ಕಾಣುತ್ತದೆ. ಮೊಟ್ಟೆಯದರ ರೇಷ್ಮೆತನ ಇದಕ್ಕಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಲಿಂಬೆಯ ವಾಸನೆ ಇದರಲ್ಲಿಯೇ ಹೆಚ್ಚು, ಏಕೆಂದರೆ ರಸ ಬೆಂಕಿಯನ್ನೇ ಕಂಡಿಲ್ಲ.

ಅವ್ವ ಮೂರು ತುಂಡು ತಿಂದಳು. ಮೂಲೆಯ ತುಂಡುಗಳನ್ನೇ ಆರಿಸಿಕೊಂಡಳು, ಅಲ್ಲಿ ಬಿಸ್ಕತ್ತು ಹೆಚ್ಚು. ಬೇಲಿಯಾಚೆಗೂ ಒಂದು ತಟ್ಟೆ ಹೋಯಿತು. ಶಿಕ್ಷಕಿ ಅಜ್ಜಿ ರುಚಿ ನೋಡಿ, ಇದು ಚೆನ್ನಾಗಿದೆ ಆದರೆ ಇದು ಲೆಮನ್ ಬಾರ್ ಅಲ್ಲ ಎಂದು ಪಾಠ ಒಪ್ಪಿಸಿದವರಂತೆ ಹೇಳಿದರು. ಅವ್ವನಿಗೆ ಅನುವಾದಿಸಿದೆ. “ಅವರ ಮನೆಯ ಚಿತ್ರಾನ್ನ ತಿಂದರೆ ನಾನೂ ಹಾಗೆಯೇ ಹೇಳುತ್ತೇನೆ” ಎಂದಳು. ಅದನ್ನು ಅನುವಾದಿಸಲಿಲ್ಲ.

ಒಂದು ಸಂಜೆ ಓದಿದ್ದನ್ನು ಅವಳಿಗೆ ಹೇಳುತ್ತಿದ್ದೆ. ವಂಶವಾಹಿ ಪರೀಕ್ಷೆ ಮಾಡಿದವರ ಪ್ರಕಾರ ಅಂಗಡಿಯ ಯುರೇಕಾ, ಹಿತ್ತಿಲಿನ ಮೇಯರ್, ನಮ್ಮ ಇಂಡಿಯ ಕಾಗದಿ ಲಿಂಬೆ, ಮೂರಕ್ಕೂ ತಾಯಂದಿರು ಬೇರೆ ಬೇರೆ, ಆದರೆ ತಂದೆ ಒಂದೇ: ಮಾದಳ. ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೊಲ್ಲಾಪುರದ ಮಹಾಲಕ್ಷ್ಮಿ ಕೈಯಲ್ಲಿ ಹಿಡಿದದ್ದು ಅದೇ ಹಣ್ಣು, ಸುಮ್ಮನೆ ಹಿಡಿದಿರುತ್ತಾಳೆಯೇ ಎಂದಳು. ಹೊಸ ಕಾರಿನ ಚಕ್ರಗಳಡಿಯಲ್ಲಿ ಇಡಲು ಅದೇ ವಾರ ನಾಲ್ಕು ಮೇಯರ್ ಹಣ್ಣು ಕೇಳಿದಳು. ಇಟ್ಟೆವು. ಹಣ್ಣು ದಪ್ಪ, ಕಾರು ಜೋರಾಗಿಯೇ ಕುಪ್ಪಳಿಸಿತು. ಓಣಿಯವರು ಕಿಟಕಿಯಿಂದ ನೋಡಿದರು.

ಏಪ್ರಿಲ್‌ನಲ್ಲಿ ಅವ್ವ ಹಿಂದಿರುಗುವಾಗ ಪೆಟ್ಟಿಗೆಯಲ್ಲಿ ನನ್ನ ಸಣ್ಣ ಹಲ್ಲಿನ ಉದ್ದ ತುರಿಮಣೆಯನ್ನು ಕೇಳಿ ಇಟ್ಟುಕೊಂಡಳು. ಊರಿನಲ್ಲಿ ಸೊಸೆಯ ಮನೆಯಲ್ಲಿ ಒವನ್ ಇದೆ, ಮಾಡಿ ತೋರಿಸುತ್ತೇನೆ ಎಂದಳು. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಇನ್ನು ಅಲ್ಲಿಂದ ಲೆಮನ್ ಬಾರೂ ಹೊರಡಲಿ ಎಂದು ನನ್ನ ಗಂಡ ನಕ್ಕ. ಎರಡು ವಾರಗಳ ನಂತರ ಫೋನ್ ಬಂತು. ಬೇಲಿಯ ಗಿಡ ಹೂ ಬಿಟ್ಟಿತೇ ಎಂದು ಮೊದಲು ಕೇಳಿದಳು, ಆಮೇಲೆ ದೂರು.

“ನಿನ್ನ ತುರಿಮಣೆ ನಮ್ಮ ಲಿಂಬೆಗೆ ನಡೆಯುವುದಿಲ್ಲ. ಕಾಗದಿ ಎಂದು ಸುಮ್ಮನೆ ಕರೆಯುತ್ತಾರೆಯೇ? ಎರಡು ಸಲ ಎಳೆಯುವಷ್ಟರಲ್ಲಿ ಸಿಪ್ಪೆ ಮುಗಿದು ರಸ ಬಂತು, ಬೆರಳೂ ತರಚಿತು.”

“ಹಾಗಾದರೆ ಬಾರ್ ಮಾಡಲಿಲ್ಲವೇ?”

“ಸಿಪ್ಪೆ ಬಿಟ್ಟು ಮಾಡಿದೆ. ರಸ ಇಲ್ಲಿಯದೇ ಅಲ್ಲವೇ, ಅರ್ಧ ಬಟ್ಟಲು ಹಾಕಿದ್ದಕ್ಕೆ ಮಕ್ಕಳು ಕಣ್ಣು ಮುಚ್ಚಿಕೊಂಡು ತಿಂದರು. ಮುಂದಿನ ಸಲ ಕಾಲು ಬಟ್ಟಲು ಸಾಕು. ತುರಿಮಣೆ ಮಾತ್ರ ನಾನು ಕೊಡುವುದಿಲ್ಲ. ಹೋಳಿಗೆಯ ಹೂರಣಕ್ಕೆ ಜಾಜಿಕಾಯಿ ತುರಿಯಲು ಇಷ್ಟು ಚೆನ್ನಾದದ್ದು ನಾನು ಕಂಡೇ ಇಲ್ಲ.”