ಮೂರು ವರ್ಷದಲ್ಲಿ ಹೊರಟುಹೋಗುವವರ ಕೈಗೆ ಕೂಟವನ್ನು ಏಕೆ ಕೊಡುತ್ತೀರಿ?

ಮೈಸೂರಿನ ಕಾಲೇಜುಗಳಲ್ಲಿ ಓದುವ ಕ್ರೈಸ್ತ ವಿದ್ಯಾರ್ಥಿಗಳ ನಡುವೆ, ಉದ್ಯೋಗದ ಹೊತ್ತು ಕಳೆದು ಉಳಿಯುವ ಸಮಯದಲ್ಲಿ ಸೇವೆ ಮಾಡುವ ನನ್ನಂಥವರನ್ನು ಸಭೆಯ ಹಿರಿಯರು, ಮಕ್ಕಳ ತಂದೆತಾಯಿಯರು, ಕೆಲವೊಮ್ಮೆ ಸಭಾಪಾಲಕರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ವಾರದ ಪ್ರಾರ್ಥನಾ ಕೂಟವನ್ನೂ ಬೈಬಲ್ ಅಧ್ಯಯನವನ್ನೂ ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗ ಹುಡುಗಿಯರ ಕೈಗೆ ಏಕೆ ಕೊಡುತ್ತೀರಿ, ಅವರು ಕೆಲಸ ಕಲಿಯುವಷ್ಟರಲ್ಲಿ ಪದವಿ ಮುಗಿಸಿಕೊಂಡು ಬೆಂಗಳೂರಿಗೆ ಹೊರಟುಬಿಡುತ್ತಾರಲ್ಲ, ಅನುಭವವಿರುವ ನೀವೇ ಮುಂದೆ ನಿಂತು ನಡೆಸಿದರೆ ಕೂಟ ಗಟ್ಟಿಯಾಗಿ ನಿಲ್ಲುವುದಿಲ್ಲವೇ ಎಂಬುದು ಆ ಪ್ರಶ್ನೆ. ಅದರ ಹಿಂದೆ ಮಕ್ಕಳ ಮೇಲಿನ ಕಾಳಜಿ ಇರುವುದರಿಂದ ಎರಡು ಮಾತಿನಲ್ಲಿ ಉತ್ತರಿಸಿ ಸುಮ್ಮನಾಗುವುದು ನನಗೆ ಸರಿಯೆನಿಸುವುದಿಲ್ಲ.

ಕೂಟವೊಂದು ಗಟ್ಟಿಯಾಗಿ ನಿಲ್ಲುವುದಷ್ಟೇ ಗುರಿಯಾಗಿದ್ದರೆ ಹಿರಿಯರ ಮಾತಿಗೆ ನಾನು ಈಗಲೇ ಒಪ್ಪಿಬಿಡುತ್ತಿದ್ದೆ. ಸಿದ್ಧವಾದ ಸಂದೇಶ, ಸಮಯಕ್ಕೆ ಸರಿಯಾಗಿ ಆರಂಭವಾಗುವ ಹಾಡು, ತಪ್ಪಿಲ್ಲದ ಲೆಕ್ಕ, ಇವೆಲ್ಲವನ್ನೂ ನಲವತ್ತು ದಾಟಿದವರು ಇಪ್ಪತ್ತರವರಿಗಿಂತ ಚೆನ್ನಾಗಿ ಮಾಡುತ್ತಾರೆ. ಆದರೆ ಕಾಲೇಜಿನಲ್ಲಿರುವ ಮೂರೋ ನಾಲ್ಕೋ ವರ್ಷ ಬೇರೆಯವರು ಬಡಿಸಿದ್ದನ್ನು ಉಂಡು ಎದ್ದವರು, ಆಮೇಲೆ ಎಲ್ಲಿಗೆ ಹೋದರೂ ಬಡಿಸುವವರನ್ನೇ ಹುಡುಕುತ್ತಾರೆ. ಅವರ ಮುಂದಿನ ನಲವತ್ತು ವರ್ಷಗಳ ಬದುಕು, ಅವರು ಸೇರುವ ಸಭೆ, ಕೆಲಸ ಮಾಡುವ ಕಚೇರಿ, ಕಟ್ಟುವ ಮನೆ ನನ್ನ ಕಣ್ಣ ಮುಂದಿರುವುದರಿಂದಲೇ, ಹೊರಟುಹೋಗುವವರು ಎಂಬ ಕಾರಣಕ್ಕೇ ಅವರ ಕೈಗೆ ಕೆಲಸ ಕೊಡಬೇಕು ಎನ್ನುತ್ತೇನೆ.

ಇದು ನಾವು ಕಂಡುಹಿಡಿದ ಕ್ರಮವಲ್ಲ. 1877ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಹಲವು ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಕೂಡಿ ಒಂದು ಕ್ರೈಸ್ತ ಒಕ್ಕೂಟ ಕಟ್ಟಿಕೊಂಡರು. ನಮ್ಮ ದೇಶದಲ್ಲಿ 1912ರಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್, 1954ರಲ್ಲಿ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ ಆರಂಭವಾದವು. ಎಲ್ಲರೂ ಯು.ಇ.ಎಸ್.ಐ. ಎಂದು ಕರೆಯುವ ಈ ಎರಡನೆಯ ಸಂಸ್ಥೆಯು 1947ರಲ್ಲಿ ಹುಟ್ಟಿದ ಐ.ಎಫ್.ಇ.ಎಸ್. ಎಂಬ ಅಂತರರಾಷ್ಟ್ರೀಯ ಕ್ರೈಸ್ತ ವಿದ್ಯಾರ್ಥಿ ಬಳಗಕ್ಕೆ ಸೇರಿದೆ. ಕಾಲೇಜಿನ ಘಟಕವನ್ನು ಆಯಾ ಕಾಲೇಜಿನ ವಿದ್ಯಾರ್ಥಿಗಳೇ ನಡೆಸಬೇಕು, ಓದು ಮುಗಿಸಿದ ಪದವೀಧರರು ಪ್ರಾರ್ಥನೆ, ಹಣ, ಸಲಹೆಗಳ ಮೂಲಕ ಬೆನ್ನಿಗಿರಬೇಕು ಎಂಬ ನಡೆ ಯು.ಇ.ಎಸ್.ಐ.ಯಲ್ಲಿ ಮೊದಲಿನಿಂದ ಇದೆ. ಸತ್ಯವೇದದಲ್ಲಂತೂ, ಅಂದರೆ ಬೈಬಲಿನಲ್ಲಿ, ಇದರ ಬೇರು ಇನ್ನೂ ಆಳದಲ್ಲಿದೆ. ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ಕೇಳುತ್ತಿರುವುದನ್ನು ಕಂಡ ಅವನ ಮಾವ ಇತ್ರೋನ, ಹೀಗೆ ಮಾಡಿದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಎಚ್ಚರಿಸಿ, ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಅಧಿಕಾರಿಗಳನ್ನು ನೇಮಿಸುವಂತೆ ಹೇಳುತ್ತಾನೆ. ಹತ್ತು ಜನರನ್ನು ನೋಡಿಕೊಳ್ಳುವವನನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದನ್ನು ನಾವು ಅವಸರದಲ್ಲಿ ಓದಿ ದಾಟಿಬಿಡುತ್ತೇವೆ. ಒಂದು ಹಾಸ್ಟೆಲ್ ಮಹಡಿಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಮಂದಿ.

ಹಾಗಾದರೆ ಯಾರನ್ನು ಆರಿಸುವುದು? ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಗಿಟಾರ್ ನುಡಿಸುವವನು, ಇಂಗ್ಲಿಷಿನಲ್ಲಿ ಸರಾಗವಾಗಿ ಪ್ರಾರ್ಥಿಸುವವಳು ಮೊದಲ ವಾರವೇ ಎಲ್ಲರ ಕಣ್ಣಿಗೆ ಬೀಳುತ್ತಾರೆ. ಮೈಸೂರಿನಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಕ್ರೈಸ್ತ ವಿದ್ಯಾರ್ಥಿಗಳೂ ಇರುವುದರಿಂದ ಕೂಟದ ಭಾಷೆ ತಾನಾಗಿ ಇಂಗ್ಲಿಷಿಗೆ ಹೊರಳುತ್ತದೆ, ಅದಕ್ಕೆ ಯಾರನ್ನೂ ದೂರಬೇಕಿಲ್ಲ. ಆದರೆ ಅದೇ ಕೋಣೆಯ ಹಿಂದಿನ ಸಾಲಿನಲ್ಲಿ ಕೊಳ್ಳೇಗಾಲ, ಹುಣಸೂರು, ಮಳವಳ್ಳಿ ಕಡೆಯಿಂದ ಬಂದು, ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ದಿನವೂ ಕನ್ನಡ ಸತ್ಯವೇದವನ್ನು ಗಟ್ಟಿಯಾಗಿ ಓದಿ ಬೆಳೆದ ಮಕ್ಕಳು ಬಾಯಿ ಬಿಡದೆ ಕುಳಿತಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ವಾಕ್ಯಗಳು ಅಧ್ಯಾಯಗಟ್ಟಲೆ ಬಾಯಿಗೆ ಬರುತ್ತವೆ. ಅವರನ್ನು ಕೇಳುವವರು ಬೇಕು.

ಮಂಡ್ಯದಿಂದ ದಿನವೂ ರೈಲಿನಲ್ಲಿ ಬಂದುಹೋಗುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ವಿಷಯ ಇಲ್ಲಿ ಹೇಳಬೇಕು. ಸಂಜೆ ನಡೆಯುವ ಕೂಟಕ್ಕೆ ಅವಳು ಬಂದರೂ ಅರ್ಧದಲ್ಲೇ ಎದ್ದುಹೋಗುತ್ತಿದ್ದಳು. ಮಂಡ್ಯ ತಲುಪಿ ಅಲ್ಲಿಂದ ಹಳ್ಳಿಯ ಬಸ್ಸು ಹಿಡಿಯಬೇಕಾದ ಹುಡುಗಿಗೆ ಸಂಜೆಯ ಒಂದೊಂದು ನಿಮಿಷವೂ ಲೆಕ್ಕವಿರುತ್ತದೆ ಎಂಬುದು ಹಾಸ್ಟೆಲಿನಲ್ಲಿರುವವರಿಗೆ ಹೊಳೆದಿರಲಿಲ್ಲ. ಆದರೆ ಈ ವಾರ ಯಾರು ಬಂದಿಲ್ಲ, ಯಾರಿಗೆ ಜ್ವರ, ಯಾರ ಮನೆಯಲ್ಲಿ ಸಾವಾಗಿದೆ ಎಂದು ಕೇಳಿದರೆ ಸಮಿತಿಯಲ್ಲಿ ಯಾರಿಗೂ ಗೊತ್ತಿಲ್ಲದ್ದು ಅವಳಿಗೆ ಗೊತ್ತಿರುತ್ತಿತ್ತು. ಪದಾಧಿಕಾರಿಗಳೇ ಇದನ್ನು ಗಮನಿಸಿ, ಕೂಟವನ್ನು ಮಧ್ಯಾಹ್ನದ ಊಟದ ಬಿಡುವಿಗೆ ತಂದು, ಮುಂದಿನ ಸೆಮಿಸ್ಟರಿನಲ್ಲಿ ಒಂದು ಚಿಕ್ಕ ಗುಂಪಿನ ಬೈಬಲ್ ಅಧ್ಯಯನವನ್ನು ಕನ್ನಡದಲ್ಲೇ ನಡೆಸುವಂತೆ ಅವಳನ್ನು ಕೇಳಿಕೊಂಡರು. ಆ ಗುಂಪಿಗೆ, ಹಿಂದೆ ಒಂದೆರಡು ಸಲ ಬಂದು ನಿಲ್ಲಿಸಿದ್ದ ಹಲವರು ಮರಳಿ ಬಂದರು.

ಯಾರು ಬಂದಿಲ್ಲವೆಂದು ಬಲ್ಲವರು, ಕೂಟ ಮುಗಿದ ಮೇಲೆ ಕುರ್ಚಿ ಜೋಡಿಸುವವರು, ಕೋಣೆಯ ಸಂಗಾತಿಯ ಬಗ್ಗೆ ಬೆನ್ನ ಹಿಂದೆಯೂ ಗೌರವದಿಂದ ಮಾತಾಡುವವರು, ತಿದ್ದಿದರೆ ಮುನಿಸಿಕೊಳ್ಳದವರು, ಇಂಥವರನ್ನು ನಾನು ಹುಡುಕುತ್ತೇನೆ. ಹೊಸದಾಗಿ ನಂಬಿಕೆಗೆ ಬಂದವನ ಉತ್ಸಾಹವನ್ನು ಕಂಡು ಕೂಡಲೇ ಅವನಿಗೆ ಹುದ್ದೆ ಕೊಡುವುದು ಅವನಿಗೇ ಅಪಾಯ. ಅಪೊಸ್ತಲನಾದ ಪೌಲನು ತನ್ನ ಯುವ ಜೊತೆಸೇವಕ ತಿಮೊಥೆಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ, ಅಂಥವನು ಗರ್ವದಿಂದ ಉಬ್ಬಿ ಬಿದ್ದಾನು ಎಂದು ಎಚ್ಚರಿಸಿದ್ದಾನೆ. ಅದೇ ಪತ್ರದಲ್ಲಿ, ಯೌವನಸ್ಥನೆಂದು ಯಾರೂ ನಿನ್ನನ್ನು ಕಡೆಗಣಿಸದಿರಲಿ ಎಂದೂ ಹೇಳಿದ್ದಾನೆ. ಹುಡುಗಿಯರು ಕೂಟದ ಅಧ್ಯಕ್ಷರಾಗಬಹುದೇ ಎಂದು ಕೆಲವರು ನನ್ನನ್ನು ಬದಿಗೆ ಕರೆದು ಕೇಳುವುದುಂಟು. ಆಗಬಹುದು ಎಂಬುದೇ ನನ್ನ ಉತ್ತರ. ಅಪೊಲ್ಲೋಸನಂಥ ವಾಗ್ಮಿಯನ್ನು ಮನೆಗೆ ಕರೆದು, ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ತಿಳಿಸಿಕೊಟ್ಟ ದಂಪತಿಯ ಹೆಸರನ್ನು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಓದಿದವರಿಗೆ, ಅಲ್ಲಿ ಪ್ರಿಸ್ಕಿಲ್ಲಳ ಹೆಸರೂ ಇರುವುದು ಗೊತ್ತು. ಅವರು ಅವನನ್ನು ನಾಲ್ಕು ಜನರ ಎದುರಿಗೆ ತಿದ್ದಲಿಲ್ಲ ಎಂಬುದನ್ನು ಮಾರ್ಗದರ್ಶನ ಮಾಡುವ ಪ್ರತಿಯೊಬ್ಬರೂ ನೆನಪಿಡಬೇಕು.

ಆರಿಸಿದ ಮೇಲೆ ಕಾಲದ ಲೆಕ್ಕ ಬರುತ್ತದೆ. ಮೂರು ವರ್ಷದ ಪದವಿಯೆಂದರೆ ಆರು ಸೆಮಿಸ್ಟರ್. ಮೊದಲನೆಯದು ಊರಿನ ನೆನಪಿನಲ್ಲಿ, ಕೊನೆಯದು ಪರೀಕ್ಷೆ ಮತ್ತು ಕೆಲಸದ ಹುಡುಕಾಟದಲ್ಲಿ ಕಳೆಯುತ್ತದೆ. ಎರಡು ಮತ್ತು ಮೂರನೆಯ ಸೆಮಿಸ್ಟರಿನಲ್ಲಿ ಚಿಕ್ಕ ಹೊಣೆ ಹೊತ್ತು ಕಲಿತವರು ನಾಲ್ಕು ಮತ್ತು ಐದರಲ್ಲಿ ನಡೆಸಬಲ್ಲರು. ಆದ್ದರಿಂದ ಈ ವರ್ಷದ ಸಮಿತಿ ರಚನೆಯಾದ ತಿಂಗಳಲ್ಲೇ ಮುಂದಿನ ವರ್ಷದವರ ಹೆಸರು ಪ್ರಾರ್ಥನೆಯಲ್ಲಿರಬೇಕು. ಎಂಜಿನಿಯರಿಂಗಿನವರಿಗೆ ಎರಡು ಸೆಮಿಸ್ಟರ್ ಹೆಚ್ಚು ಸಿಗುತ್ತದೆ. ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಿಗೆ ವರ್ಷಗಳಿದ್ದರೂ ದಿನದಲ್ಲಿ ಗಂಟೆಗಳಿರುವುದಿಲ್ಲ, ವಾರ್ಡಿನ ಪಾಳಿಯನ್ನು ನೋಡಿಕೊಂಡೇ ಅವರ ಕೂಟದ ವೇಳೆ ನಿಶ್ಚಯಿಸಬೇಕು.

ಇನ್ನು ಮಾರ್ಗದರ್ಶಕನ ನಿಜವಾದ ಕೆಲಸ. ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸು ಹನ್ನೆರಡು ಮಂದಿಯನ್ನು ನೇಮಿಸಿದಾಗ ಹೇಳಿರುವ ಮೊದಲ ಉದ್ದೇಶ, ಅವರು ತನ್ನ ಸಂಗಡ ಇರಬೇಕೆಂಬುದು. ಸಾರುವುದಕ್ಕೆ ಕಳುಹಿಸುವುದು ಅದರ ನಂತರ ಬರುತ್ತದೆ. ನಾನು ಒಂದು ಕಾಲಕ್ಕೆ ಇಬ್ಬರು ಮೂವರು ಹುಡುಗರಿಗಿಂತ ಹೆಚ್ಚು ಮಂದಿಯ ಹೊಣೆ ಹೊರುವುದಿಲ್ಲ. ಅವರಲ್ಲಿ ಒಬ್ಬೊಬ್ಬನ ಜೊತೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಲೋ, ಸರಸ್ವತಿಪುರಂನ ಯಾವುದಾದರೂ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಲೋ, ಆ ವಾರ ಇಬ್ಬರೂ ಓದಿದ ಒಂದೇ ಭಾಗದ ಬಗ್ಗೆ ಮಾತಾಡುತ್ತೇವೆ. ಆಮೇಲೆ ಓದು, ಮನೆ, ಹಣ, ಮೊಬೈಲು, ನಿದ್ದೆ, ಮನಸ್ಸಿಗೆ ಹಿಡಿಸಿದ ಹುಡುಗಿ, ಅವನು ಏನನ್ನು ಎತ್ತಿದರೂ ಸರಿ. ಕೇಳುವುದು ಹೆಚ್ಚು, ಹೇಳುವುದು ಕಡಿಮೆ. ಅವನು ಬೈಬಲ್ ಅಧ್ಯಯನ ನಡೆಸುವ ವಾರದಲ್ಲಿ ಎರಡು ದಿನ ಮೊದಲು ಕೂಡಿ ಕುಳಿತು, ಭಾಗದಲ್ಲಿ ಏನು ಹೇಳಿದೆ, ಅದರ ಅರ್ಥವೇನು, ಈ ಹಾಸ್ಟೆಲಿನಲ್ಲಿ ಇಂದು ಅದನ್ನು ಪಾಲಿಸುವುದು ಹೇಗೆ ಎಂಬ ಮೂರು ಹಂತಗಳಲ್ಲಿ ಅವನೇ ಪ್ರಶ್ನೆಗಳನ್ನು ಬರೆಯುವಂತೆ ಬಿಡುತ್ತೇನೆ. ಅಧ್ಯಯನದ ದಿನ ನಾನು ಹಿಂದಿನ ಸಾಲಿನಲ್ಲಿರುತ್ತೇನೆ, ಉತ್ತರ ತಡವಾದರೂ ಬಾಯಿ ಹಾಕುವುದಿಲ್ಲ. ಮರುದಿನ ಕೇಳುವ ಮೊದಲ ಪ್ರಶ್ನೆ, ಯಾರು ಮಾತಾಡಲಿಲ್ಲ ಎಂಬುದು.

ತಂದೆತಾಯಿಯರು ಮುಖ್ಯವಾಗಿ ಹೆದರುವುದು ಓದಿನ ವಿಷಯಕ್ಕೆ, ಆ ಹೆದರಿಕೆ ನ್ಯಾಯವಾದದ್ದೇ. ಹೊಲದಲ್ಲಿ ದುಡಿದೋ ಸಾಲ ಮಾಡಿಯೋ ಮಗನನ್ನು ಓದಿಸುವವರಿಗೆ, ಅವನು ಕೂಟಗಳ ಹೆಸರಿನಲ್ಲಿ ತರಗತಿ ತಪ್ಪಿಸುತ್ತಾನೆಂದು ಗೊತ್ತಾದರೆ ಆಗುವ ನೋವನ್ನು ಯಾವ ಸೇವೆಯೂ ಸಮರ್ಥಿಸಲಾರದು. ಬ್ಯಾಕ್‌ಲಾಗ್ (ಪಾಸಾಗದೆ ಬಾಕಿಯಾದ ವಿಷಯ) ಉಳಿಸಿಕೊಂಡವನು ಅದನ್ನು ಮುಗಿಸುವವರೆಗೆ ಹೊಣೆಯಿಂದ ಕೆಳಗಿಳಿಯುವುದು ನಮ್ಮಲ್ಲಿ ರೂಢಿ, ಶಿಕ್ಷೆಯೆಂದು ಯಾರೂ ತಿಳಿಯುವುದಿಲ್ಲ. ಹಾಜರಾತಿ ಕಡಿಮೆಯಿದ್ದವನನ್ನು ಶಿಬಿರಕ್ಕೆ ಕರೆದೊಯ್ಯುವುದಿಲ್ಲ. ದೇವರು ಅವನನ್ನು ಕಾಲೇಜಿಗೆ ಕರೆದಿರುವುದು ಓದಲಿಕ್ಕೆ, ಆ ಕರೆಯಲ್ಲಿ ನಂಬಿಗಸ್ತನಾಗಿರುವುದು ಅವನ ಸಾಕ್ಷಿಯ ಮೊದಲ ಭಾಗ.

ಕೆಲವು ಎಲ್ಲೆಗಳ ಬಗ್ಗೆಯೂ ನಾನು ಕಟ್ಟುನಿಟ್ಟು. ಹುಡುಗರಿಗೆ ಗಂಡಸರು, ಹುಡುಗಿಯರಿಗೆ ಹೆಂಗಸರು ಮಾರ್ಗದರ್ಶಕರಾಗಿರಬೇಕು. ಭೇಟಿ ನಾಲ್ಕು ಜನ ಓಡಾಡುವ ಜಾಗದಲ್ಲಿರಬೇಕು. ಕಾಣಿಕೆಯ ಲೆಕ್ಕವನ್ನು ಇಬ್ಬರು ನೋಡಬೇಕು. ಕಾಲೇಜಿನ ಆವರಣದಲ್ಲಿ ಅನುಮತಿಯಿಲ್ಲದೆ ಸೇರಬಾರದು. ಬೇರೆ ಧರ್ಮದ ಸಹಪಾಠಿಗಳ ಮೇಲೆ ಒತ್ತಡವನ್ನಾಗಲಿ ಆಮಿಷವನ್ನಾಗಲಿ ತರುವುದು ಕ್ರಿಸ್ತನ ಹೆಸರಿಗೇ ಅವಮಾನ ಎಂಬುದನ್ನು ನಾಯಕರು ಮೊದಲ ದಿನವೇ ತಿಳಿದಿರಬೇಕು. ವಿದ್ಯಾರ್ಥಿಯೊಬ್ಬ ಬದುಕಿನ ಆಸೆಯನ್ನೇ ಕಳೆದುಕೊಂಡವನಂತೆ ಮಾತಾಡಿದರೆ ಪ್ರಾರ್ಥಿಸಿ ಅಷ್ಟಕ್ಕೇ ಬಿಡುವ ಹಾಗಿಲ್ಲ. ಅವನೊಬ್ಬನನ್ನೇ ಬಿಡದೆ, ಮನೆಯವರಿಗೆ ತಿಳಿಸಿ, ಮನೋವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಪ್ರತಿಯೊಬ್ಬ ವಿದ್ಯಾರ್ಥಿ ನಾಯಕನ ಫೋನಿನಲ್ಲಿರಬೇಕು.

ಇಷ್ಟೆಲ್ಲ ಮಾಡಿದರೂ ಎಡವುವವರಿದ್ದಾರೆ. ಸೆಮಿಸ್ಟರಿನ ನಡುವೆ ಕಾರ್ಯದರ್ಶಿಯೊಬ್ಬ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾನೆ, ಇಬ್ಬರು ಪದಾಧಿಕಾರಿಗಳು ಮಾತು ಬಿಡುತ್ತಾರೆ, ಒಂದು ವರ್ಷ ಕೂಟ ನಾಲ್ಕೈದು ಜನಕ್ಕೆ ಇಳಿಯುತ್ತದೆ. ಹಿರಿಯರು ನೋಡಿದಿರಾ ಎನ್ನುವುದು ಆಗಲೇ. ಆ ಗಳಿಗೆಯಲ್ಲಿ ಕೈಹಾಕಿ ಎಲ್ಲವನ್ನೂ ತಾನೇ ವಹಿಸಿಕೊಳ್ಳುವ ಆಸೆ ಮಾರ್ಗದರ್ಶಕನಿಗೆ ಬಲವಾಗಿ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು. ಪೌಲ ಮತ್ತು ಬಾರ್ನಬರ ಸುವಾರ್ತಾ ಪ್ರಯಾಣದಲ್ಲಿ ಜೊತೆಗಿದ್ದ ಮಾರ್ಕನೆಂಬ ಯೋಹಾನನು ಪಂಫುಲ್ಯದಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದೊಯ್ಯುವ ವಿಷಯದಲ್ಲಿ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣವಾದ ಭಿನ್ನಾಭಿಪ್ರಾಯ ಬಂದು ಅವರು ಬೇರೆಯಾದರು. ಬಾರ್ನಬನು ಮಾರ್ಕನನ್ನು ಜೊತೆಗೆ ಕರೆದುಕೊಂಡು ಸೈಪ್ರಸ್ ದ್ವೀಪಕ್ಕೆ ಹೊರಟ. ವರ್ಷಗಳ ನಂತರ ಸೆರೆಯಿಂದ ಬರೆಯುವಾಗ ಅದೇ ಪೌಲನು, ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ನನಗೆ ಉಪಯುಕ್ತನು ಎಂದು ತಿಮೊಥೆಗೆ ತಿಳಿಸುತ್ತಾನೆ. ಬಾರ್ನಬನು ಅಂದು ಕೊಟ್ಟ ಅವಕಾಶವನ್ನು ಫೋನ್ ಎತ್ತದ ಆ ಹುಡುಗನಿಗೂ ಕೊಡುವವರೊಬ್ಬರು ಇರಬೇಕು. ಅವನು ಮರಳಿ ಬಂದಾಗ ಮೊದಲಿನ ಹುದ್ದೆಯನ್ನೇ ಕೊಡಬೇಕೆಂದಿಲ್ಲ, ಸಣ್ಣದಾದರೂ ನಿಜವಾದ ಒಂದು ಕೆಲಸ ಸಾಕು.

ಪ್ರಶ್ನೆ ಕೇಳುವ ಹಿರಿಯರಲ್ಲಿ ನನ್ನದೊಂದು ಕೋರಿಕೆಯಿದೆ. ಈ ಮಕ್ಕಳು ಪದವಿ ಮುಗಿಸಿ ಮದ್ದೂರಿನಲ್ಲೋ ನಂಜನಗೂಡಿನಲ್ಲೋ ಇರುವ ನಿಮ್ಮ ಸಭೆಗೆ ಬಂದಾಗ, ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂರಿಸಿ ಪರೀಕ್ಷಿಸಬೇಡಿ. ಲೆಕ್ಕ ಇಡಬಲ್ಲವರು, ಅಧ್ಯಯನ ನಡೆಸಬಲ್ಲವರು, ಜಗಳವಾಡಿದ ಇಬ್ಬರನ್ನು ಕೂರಿಸಿ ಮಾತಾಡಿಸಬಲ್ಲವರು ಅವರಲ್ಲಿದ್ದಾರೆ, ಅದನ್ನು ಅವರು ಕಾಲೇಜಿನಲ್ಲಿ ಮಾಡಿ ಬಂದಿದ್ದಾರೆ. ಮೊದಲ ತಿಂಗಳೇ ಅವರನ್ನು ಊಟಕ್ಕೆ ಕರೆದು ಏನೇನು ಮಾಡಿದ್ದೀರಿ ಎಂದು ಕೇಳಿ, ಭಾನುವಾರ ಶಾಲೆಯ ಒಂದು ತರಗತಿಯನ್ನೋ ಯೌವನಸ್ಥರ ಕೂಟವನ್ನೋ ಒಪ್ಪಿಸಿ, ಪಕ್ಕದಲ್ಲಿ ನಿಮ್ಮಲ್ಲೊಬ್ಬರು ಒಂದು ವರ್ಷ ಇರಿ.